ಕೊಟ್ರಮ್ಮನ ಹೊಸ ಬಚ್ಚಲು

ನನ್ನ ತಾಯಿಯ ತಂಗಿ ಕೊಟ್ರಮ್ಮ ಹೊಸಪೇಟೆಯಲ್ಲಿ ಬಾಳಿ ಅಲ್ಲೇ ಸತ್ತಳು. ಹೊರಗಿನವರು ನೆನಪಿಟ್ಟುಕೊಳ್ಳುವಂಥದ್ದನ್ನೇನೂ ಮಾಡಲಿಲ್ಲ. ಅವಳ ಮನೆಯಲ್ಲಿ ಮಾತ್ರ ಯಾವ ವಸ್ತುವೂ ಕಳೆಯುತ್ತಿರಲಿಲ್ಲ. ಬೆಂಕಿಪೊಟ್ಟಣ ಎಲ್ಲಿ, ಸೂಜಿ ಎಲ್ಲಿ ಎಂದು ಯಾರಾದರೂ ಕೂಗಿದ್ದನ್ನು ನಾನು ಆ ಮನೆಯಲ್ಲಿ ಕೇಳಿಲ್ಲ. ಕಣ್ಣು ಮುಚ್ಚಿ ಕೈ ಚಾಚಿದರೂ ಇಕ್ಕಳ ಇಕ್ಕಳದ ಜಾಗದಲ್ಲೇ ಸಿಗುತ್ತಿತ್ತು. ಓಣಿಯ ಹೆಂಗಸರು ಇದನ್ನು ಎದುರಿಗೆ ಹೊಗಳಿ ಹಿಂದಿನಿಂದ ನಗುತ್ತಿದ್ದರು. ಪಕ್ಕದ ಮನೆಯ ನಿಂಗಕ್ಕ ಎದುರಿಗೇ ನಗುತ್ತಿದ್ದಳು.

“ಎಲ್ಲಾದಕ್ಕೂ ಒಂದೊಂದು ಜಾಗ ಮಾಡೀಯಲ್ಲವ್ವ, ಗಂಡನ್ನ ಯಾವ ಗೂಟಕ್ಕ ನೇತು ಹಾಕೀ?”

“ಅವರನ್ನ ಕಂಪ್ಲಿಯಾಗ ಇಟ್ಟೀನಿ. ಬೇಕಾದಾಗ ಸಿಗ್ತಾರ,” ಎನ್ನುತ್ತಿದ್ದಳು ಕೊಟ್ರಮ್ಮ.

ಗಂಡ ಜಡೆಪ್ಪ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ಮರುಳಸಿದ್ದಮ್ಮ. ಅತ್ತೆಗೆ ಆಗಲೇ ಎಪ್ಪತ್ತು ದಾಟಿತ್ತು. ಬಾಯಿ ಚುರುಕು, ಕಣ್ಣು ಮಂದ.

ಅಷ್ಟು ಅಚ್ಚುಕಟ್ಟಾದ ಮನೆಯಲ್ಲಿ ಕೊಟ್ರಮ್ಮನ ಕಣ್ಣಿಗೆ ಚುಚ್ಚುತ್ತಿದ್ದದ್ದು ಬಚ್ಚಲು. ಅಡುಗೆಮನೆಗೂ ಹಿತ್ತಲ ಗೋಡೆಗೂ ನಡುವೆ ಉಳಿದ ಸಂದಿಯನ್ನೇ ಯಾರೋ ಹಿರಿಯರು ಬಚ್ಚಲು ಮಾಡಿಬಿಟ್ಟಿದ್ದರು. ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಮೇಲೆ ಮಣ್ಣಿನ ಮಾಳಿಗೆ, ಕಿಟಕಿಯಿಲ್ಲ. ಹಂಡೆಯ ಒಲೆಗೆ ಒಳಗಿನಿಂದಲೇ ಸೌದೆ ಇಕ್ಕಬೇಕಾಗಿದ್ದರಿಂದ ಸ್ನಾನ ಮಾಡಿ ಬಂದವರ ಮೈಯಲ್ಲಿ ಹೊಗೆ ವಾಸನೆ ಹೊಡೆಯುತ್ತಿತ್ತು. ಉಬ್ಬುತಗ್ಗಿನ ಬಂಡೆಗಳ ನಡುವೆ ನೀರು ನಿಂತು ಪಾಚಿ ಕಟ್ಟುತ್ತಿತ್ತು. ನೀರು ತೆರೆದ ಮೋರಿಯಲ್ಲಿ ಹರಿದು ಹಿತ್ತಲಿಗೆ ಹೋಗುತ್ತಿತ್ತು. ಅದೇ ಮೋರಿಯಿಂದ ಚೇಳು ಒಳಗೆ ಬರುತ್ತಿತ್ತು.

ಒಂದು ಮದುವೆಗೆಂದು ಸಂಡೂರಿಗೆ ಹೋದಾಗ ನಾದಿನಿಯ ಮನೆಯ ಬಚ್ಚಲನ್ನು ಕಂಡಳು. ನಾದಿನಿಯ ಗಂಡ ಸಂಸ್ಥಾನದ ಕಚೇರಿಯಲ್ಲಿದ್ದವನು. ಅಲ್ಲಿ ನೆಲಕ್ಕೆ ನುಣುಪಾದ ಚಪ್ಪಡಿ, ಮುಚ್ಚಿದ ಮೋರಿ, ಗೋಡೆಯಲ್ಲಿ ಎಣ್ಣೆಗೊಂದು ಸೀಗೆಪುಡಿಗೊಂದು ಗೂಡು. ಕೊಟ್ರಮ್ಮ ಮದುವೆಯ ಊಟಕ್ಕಿಂತ ಹೆಚ್ಚು ಹೊತ್ತನ್ನು ಆ ಬಚ್ಚಲಲ್ಲಿ ಕಳೆದಳೆಂದು ನಾದಿನಿ ಮುಂದೆ ಬಹಳ ದಿನ ಆಡಿಕೊಂಡಳು. ಮನೆಗೆ ಬಂದವಳೇ ಗಂಡನೆದುರು ವಿಷಯ ತೆಗೆದಳು.

“ಬಚ್ಚಲ ಅಂದ್ರ ಬಚ್ಚಲ,” ಎಂದ ಜಡೆಪ್ಪ. “ಬೀಗ್ರು ಬಂದ್ರ ಅಲ್ಲಿ ಕುಂದ್ರಿಸ್ತೀಯೇನು? ಅದಕ್ಕ ರೊಕ್ಕ ಸುರಿಯಾಕ ನನ್ನ ಹತ್ರ ಇಲ್ಲ.”

“ರೊಕ್ಕ ಕೇಳಿಲ್ಲರಿ. ಕಂಪ್ಲಿಯಾಗ ಆಲೆಮನಿಯವರು ಎಸೆಯೋ ಬೆಲ್ಲದ ಪುಡಿ ತಂದ್ಕೊಡ್ರಿ. ಒಡಕು ಕೊಪ್ಪರಿಗಿ ಸಿಕ್ರ ಅದನ್ನೂ ತರ್ರಿ. ಉಳಿದದ್ದು ನಾ ನೋಡ್ಕೊಂತೀನಿ.”

ಅವಳು ನೋಡಿಕೊಂಡದ್ದು ನಿಜ. ಪೇಟೆಯಲ್ಲಿ ವರ್ತಕರೊಬ್ಬರು ಮನೆ ಕಟ್ಟಿಸುತ್ತಿದ್ದರು. ಅಲ್ಲಿ ಒಡೆದು ಬಿಸಾಕಿದ್ದ ಕಡಪದ ಕರಿಗಲ್ಲಿನ ಚೂರುಗಳನ್ನು ಗೌಂಡಿ ಪಾಲಪ್ಪನಿಗೆ ಹೇಳಿ ಗಾಡಿಯಲ್ಲಿ ತರಿಸಿದಳು. ಚೂರುಗಳನ್ನು ಅಂಗಳದಲ್ಲಿ ಹರವಿ, ಯಾವುದರ ಪಕ್ಕ ಯಾವುದು ಕೂರುತ್ತದೆಂದು ತಾನೇ ಹೊಂದಿಸಿ ಇಟ್ಟಳು. ಸುಣ್ಣ ಮರಳನ್ನು ಬೆಲ್ಲದ ನೀರಿನಲ್ಲಿ ಅರೆಸಿ ಗಚ್ಚು ಮಾಡಿಸಿದಳು. ಒಡಕು ಕೊಪ್ಪರಿಗೆಗೆ ತೇಪೆ ಹಾಕಿಸಿ ತಣ್ಣೀರಿನ ತೊಟ್ಟಿ ಮಾಡಿಕೊಂಡಳು. ಒಲೆಯ ಬಾಯಿಯನ್ನು ಹಿತ್ತಲ ಕಡೆಗೆ ತಿರುಗಿಸಿದ್ದರಿಂದ ಹೊಗೆ ಹೊರಗೇ ಉಳಿಯಿತು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ತೆಗೆಸಿ, ಮಳೆ ಬಂದರೆ ಮುಚ್ಚಲು ಹಂಚೊಂದನ್ನು ಅದರ ಪಕ್ಕದಲ್ಲಿಟ್ಟಳು. ಮೋರಿಯನ್ನು ಚಪ್ಪಡಿಯಿಂದ ಮುಚ್ಚಿ ಮೇಲೆ ಗಚ್ಚು ಹಾಕಿಸಿದಳು.

ಪಾಲಪ್ಪ ಒಂದು ಕಡೆ ತಡೆದ. “ಯವ್ವಾ, ಮೋರಿ ಬಾಯಿಗೆ ತೂತು ಕೊರೆದ ಕಲ್ಲೊಂದು ಕೂಡಿಸ್ಬೇಕು. ಏನರ ಬಿದ್ರ ಒಳಗ ಹೋಗಿಬಿಡ್ತೈತಿ.”

“ಅದನ್ನ ಬ್ಯಾರೆ ಕೊರೆಸಬೇಕಾಗ್ತೈತಿ. ತೆಂಗಿನ ನಾರು ತುರುಕಿದ್ರ ಆತು.”

“ನಾರು ಕೊಳೀತೈತ್ರಿ.”

“ಕೊಳೆತ್ರ ಬದಲಾಯಿಸ್ತೀನಿ. ನಾ ಮರಿಯಾಕಿ ಅಲ್ಲ.”

“ಹೌದು ಬಿಡ್ರಿ, ನೀವು ಮರೆತ ದಿನ ಜಂಬುನಾಥನ ಗುಡ್ಡ ಎದ್ದು ನಡೀತೈತಿ,” ಎಂದು ಪಾಲಪ್ಪ ಕರಣೆ ಎತ್ತಿಕೊಂಡ.

ಗೋಡೆಯ ಗೂಡುಗಳನ್ನು ನೋಡಿ ಮರುಳಸಿದ್ದಮ್ಮ ಕೇಳಿದಳು, “ಎಷ್ಟು ಗೂಡವ್ವ ಇವು? ಪಾರಿವಾಳ ಸಾಕ್ತೀಯೇನು?”

ಕೊಟ್ರಮ್ಮ ಒಂದೊಂದನ್ನೂ ತೋರಿಸಿದಳು. ಇದು ಎಣ್ಣೆ ಬಟ್ಟಲಿಗೆ. ಇದು ಸೀಗೆಪುಡಿಗೆ. ಇದು ಮೈ ಉಜ್ಜುವ ಕಲ್ಲಿಗೆ. ಕೊನೆಯದನ್ನು ಅವಳು ಬೇರೆಯಾಗಿ ಮಾಡಿಸಿದ್ದಳು. ಕೂತವರ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಒಳಗೆಲ್ಲ ನುಣ್ಣಗೆ ಗಚ್ಚು ಬಳಿಸಿ, ನೀರು ನಿಲ್ಲದ ಹಾಗೆ ಮುಂದಕ್ಕೆ ತುಸು ಇಳಿಜಾರು ಕೊಡಿಸಿ.

“ಇದು ನಿಮ್ಮ ಲಿಂಗಕ್ಕ, ಅತ್ತೆಮ್ಮ.”

ಮುದುಕಿ ಕೊರಳಿಗೆ ಕೈ ಒಯ್ದು ಅಲ್ಲಿಂದ ಸರಿದಳು. ಆಕೆಗೆ ಅದು ಇಷ್ಟವಾಗಲಿಲ್ಲವೆಂದು ಕೊಟ್ರಮ್ಮನಿಗೆ ಗೊತ್ತಾಯಿತು. ಗೊತ್ತಾಗಿಯೂ ಗೂಡನ್ನು ಹಾಗೇ ಬಿಟ್ಟಳು.

ಮರುಳಸಿದ್ದಮ್ಮನ ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಪುಟ್ಟ ಬೆಳ್ಳಿ ಕರಡಿಗೆಯಿತ್ತು. ಅದರೊಳಗಿನ ಇಷ್ಟಲಿಂಗ ಆಕೆ ತೊಟ್ಟಿಲಲ್ಲಿದ್ದಾಗ ಬಂದದ್ದು. ಲಿಂಗವನ್ನು ಮೈಯಿಂದ ಅಗಲಿಸಬಾರದು, ಅದಕ್ಕೆ ತೋರಿಸದೆ ತುತ್ತನ್ನಾಗಲಿ ನೀರನ್ನಾಗಲಿ ಬಾಯಿಗಿಡಬಾರದು. ಆ ನಿಯಮವನ್ನು ಎಲ್ಲರೂ ಬಲ್ಲರು, ಪಾಲಿಸುವವರು ಕಡಿಮೆ. ಮರುಳಸಿದ್ದಮ್ಮ ಪಾಲಿಸುತ್ತಿದ್ದಳು. ಎಣ್ಣೆ ಸ್ನಾನದ ದಿನ ಜಿಡ್ಡು ಹತ್ತದಿರಲೆಂದು ಕರಡಿಗೆಯನ್ನು ಕೊರಳಿಂದ ಬಿಚ್ಚಿದರೂ ಎಡಗೈ ಮುಷ್ಟಿಯಲ್ಲೇ ಹಿಡಿದಿರುತ್ತಿದ್ದಳು. ಇತ್ತೀಚೆಗೆ ಆ ಕೈ ನಡುಗಲು ಶುರುವಾಗಿತ್ತು. ಹಿಡಿದ ಕೈಯಿಂದ ತಲೆ ತಿಕ್ಕಿಕೊಳ್ಳಲಾಗುತ್ತಿರಲಿಲ್ಲ, ತಿಕ್ಕಿಕೊಂಡರೆ ಹಿಡಿದುಕೊಳ್ಳಲಾಗುತ್ತಿರಲಿಲ್ಲ. ಸ್ನಾನ ಮುಗಿಯುವುದೇ ಇಲ್ಲ. ಹಂಡೆಯ ನೀರು ಆರಿ, ಮುಂದಿನವರಿಗೆ ಮತ್ತೆ ಒಲೆ ಹೊತ್ತಿಸಬೇಕು. ಈ ತೊಡಕಿಗೆ ಕೊಟ್ರಮ್ಮ ಕಂಡುಕೊಂಡ ಉತ್ತರವೇ ಆ ಗೂಡು. ಮೈಯಲ್ಲದೆ ಬೇರೆ ಜಾಗವಿರಬಾರದ ಒಂದೇ ಒಂದು ವಸ್ತುವಿಗೂ ಅವಳು ಜಾಗ ಮಾಡಿದಳು.

ಯುಗಾದಿಗೆ ಬಚ್ಚಲು ಸಿದ್ಧವಾಗಿ ಕೆಲವು ವಾರಗಳಾಗಿದ್ದವು. ಹಬ್ಬಕ್ಕೆ ಜಡೆಪ್ಪ ಬಂದಿದ್ದ. ಸಂಡೂರಿನಿಂದ ನಾದಿನಿಯೂ ಗಂಡನೊಡನೆ ಬಂದಿದ್ದಳು. ಎಲ್ಲರಿಗೂ ಎಣ್ಣೆ ಸ್ನಾನ. ಯಾರ ನಂತರ ಯಾರೆಂದು ಕೊಟ್ರಮ್ಮ ಮುಂಚೆಯೇ ಹೇಳಿಟ್ಟಿದ್ದಳು. ಮೊದಲು ಅತ್ತೆ. ಒಲೆಯ ಮೇಲೆ ಹೂರಣಕ್ಕೆ ಬೇಳೆ ಬೇಯುತ್ತಿತ್ತು. ಅತ್ತೆಯ ನೆತ್ತಿಗೆ ಎಣ್ಣೆ ಹಾಕಿ ತಟ್ಟುತ್ತ ಅವಳು ಹೇಳಿದಳು.

“ಆ ಗೂಡಿನ್ಯಾಗ ಇಡ್ರಿ ಅತ್ತೆಮ್ಮ. ನಿಮ್ಮ ಕಣ್ಣ ಮುಂದೇ ಇರ್ತೈತಿ.”

“ಬ್ಯಾಡ. ನನ್ನ ಕೈಯಾಗ ಇರ್ಲಿ.”

“ಕೈ ನಡುಗ್ತೈತಿ. ಬಿದ್ರೇನು ಮಾಡ್ತೀರಿ? ಹೊರಗ ಎಲ್ಲಾರೂ ಕಾಯಾಕ ಹತ್ಯಾರ.”

ಹೊರಗಿನವರು ಕಾಯುತ್ತಿದ್ದಾರೆಂಬ ಮಾತು ಮುದುಕಿಯನ್ನು ಸೋಲಿಸಿತು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟು, ಸೀಗೆಪುಡಿ ಕಣ್ಣಿಗಿಳಿಯದಂತೆ ರೆಪ್ಪೆ ಬಿಗಿದಳು. ಕೊಟ್ರಮ್ಮ ತಲೆ ತಿಕ್ಕಿದಳು, ನೀರು ಹೊಯ್ದಳು. ಒಂದು ಚೆಂಬಿನ ನೀರು ಗೋಡೆಗೆ ಸಿಡಿಯಿತು. ಆಗ ಠಣ್ ಎಂದು ಒಂದು ಸಣ್ಣ ಸದ್ದಾಯಿತು.

ಕೊಟ್ರಮ್ಮನಿಗೆ ಅದು ಕೇಳಿಸಿತು. ಎಣ್ಣೆ ಬಟ್ಟಲಿರಬೇಕೆಂದು ತನಗೆ ತಾನೇ ಹೇಳಿಕೊಂಡಳು. ತಿರುಗಿ ನೋಡಬಹುದಿತ್ತು, ನೋಡಲಿಲ್ಲ. ಬೇಳೆ ಉಕ್ಕುವ ಹೊತ್ತು, ನೀರು ಆರುವ ಹೊತ್ತು. ಚೆಂಬಿನ ಮೇಲೆ ಚೆಂಬು ನೀರು ಹೊಯ್ದಳು. ಮುದುಕಿ ಕಣ್ಣೊರೆಸಿಕೊಂಡು ಗೂಡಿಗೆ ಕೈ ಹಾಕಿದಾಗ ಗೂಡು ಖಾಲಿಯಾಗಿತ್ತು. ಎಣ್ಣೆ ಬಟ್ಟಲು ತನ್ನ ಜಾಗದಲ್ಲೇ ಇತ್ತು.

ನೆಲದಲ್ಲಿ ಹುಡುಕಿದರು. ಹುಡುಕಲು ಅಲ್ಲಿ ಎಷ್ಟು ಜಾಗವಿತ್ತು? ಹೊರಗೆ ನಿಂತಿದ್ದ ಜಡೆಪ್ಪ ಹೇಳಿದ, “ಮೋರಿಗೆ ಹೋಗಿರ್ಬೇಕು ನೋಡು.”

ಮೋರಿಯ ಬಾಯಲ್ಲಿದ್ದ ನಾರು ಕೊಳೆತಿತ್ತು. ಹಬ್ಬದ ಸ್ವಚ್ಛತೆಯಲ್ಲಿ ಅದನ್ನು ಕಿತ್ತೆಸೆದವಳು ಕೊಟ್ರಮ್ಮನೇ. ಹೊಸದನ್ನು ತುರುಕಬೇಕೆಂದುಕೊಂಡವಳು ಮರೆತಿದ್ದಳು.

“ಮೋರಿ ಬಾಯಿಗೆ ನಾರು ತುರುಕೀನಿ,” ಎಂದಳು. “ಅದರಾಗ ಏನೂ ಹೋಗಂಗಿಲ್ಲ.”

ಜಡೆಪ್ಪ ಮತ್ತೆ ಕೇಳಲಿಲ್ಲ. ಶಿಸ್ತಿಗೆ ಹೆಸರಾದವರು ಸುಳ್ಳು ಹೇಳಿದರೆ ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಅತ್ತೆಯನ್ನು ಒಳಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಅವಳು ಹಿಡಿ ನಾರು ತಂದು ಮೋರಿಗೆ ತುರುಕಿದಳು. ಸುಳ್ಳು ಹೇಳಿದ್ದಕ್ಕಿಂತ ಆ ನಾರು ತುರುಕಿದ್ದೇ ತನ್ನನ್ನು ಹೆಚ್ಚು ಕಾಡಿತೆಂದು ಅವಳು ನನ್ನೊಡನೆ ಹೇಳಿದ್ದಳು. ನಾಲಿಗೆ ಹೆದರಿಕೆಯಲ್ಲಿ ಜಾರಬಹುದು. ಕೈ ಜಾರಿರಲಿಲ್ಲ.

ಮರುಳಸಿದ್ದಮ್ಮ ಒದ್ದೆ ತಲೆಯಲ್ಲೇ ದೇವರ ಮುಂದೆ ಕೂತಳು. ಬೇವು ಬೆಲ್ಲ ಬೇಡವೆಂದಳು. ನೀರೂ ಬೇಡವೆಂದಳು. ತಾಯಿ ಉಣ್ಣದೆ ಮಗ ಉಣ್ಣಲಿಲ್ಲ, ಮಗಳೂ ಉಣ್ಣಲಿಲ್ಲ. ಹೂರಣ ಪಾತ್ರೆಯಲ್ಲೇ ಗಟ್ಟಿಯಾಯಿತು.

ಸುದ್ದಿ ಕೇಳಿ ಬಂದ ನಿಂಗಕ್ಕ ಬೆಳಕಿಂಡಿಯನ್ನು ನೋಡಿದವಳೇ ತೀರ್ಪು ಕೊಟ್ಟಳು. “ಮಂಗ್ಯಾ ಒಯ್ದೈತಿ! ಇವತ್ತು ಮುಂಜಾನೆ ನಮ್ಮ ಮಾಳಿಗಿ ಮ್ಯಾಲ ಬಾಲ ಕಂಡಿದ್ದೆ. ಬೆಳ್ಳಿ ಮಿಂಚ್ತದಲ್ಲ, ಕೈ ಇಳಿಬಿಟ್ಟು ತಗೊಂಡೈತಿ.”

“ನಿನ್ನ ಮನಿ ಮಂಗ್ಯಾಗಳು ಭಾಳ ಶಾಣ್ಯಾ,” ಎಂದಳು ನಾದಿನಿ. ಆದರೂ ಓಣಿಯ ಗಂಡಸರು ಹೊಸ ಪಂಚೆ ಎತ್ತಿ ಕಟ್ಟಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಹತ್ತಿ ಇಳಿದರು. ಹುಣಸೆಮರದಲ್ಲಿದ್ದ ಒಂದು ಗಡವ ಮಂಗಕ್ಕೆ ಕಲ್ಲು ಹೊಡೆದು, ಅದು ಹಲ್ಲು ಕಿರಿದಾಗ ಕೈಯಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದರು. ಬಿಸಿಲಲ್ಲಿ ದಣಿದು ಬಂದವರಿಗೆಲ್ಲ ಕೊಟ್ರಮ್ಮ ಪಾನಕ ಕೊಟ್ಟಳು. ಒಬ್ಬೊಬ್ಬರ ಕೈಗೂ ಲೋಟ ಕೊಡುವಾಗ ಹೇಳಿಬಿಡಬೇಕೆಂದುಕೊಂಡಳು. ಒಬ್ಬರಿಗೂ ಹೇಳಲಿಲ್ಲ.

ಸಂಜೆ ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದಾಗ ಹಿತ್ತಲಿಗೆ ಹೋಗಿ, ಮೋರಿ ಹೊರಬರುವ ಕಡೆಯಿಂದ ಬಿದಿರ ಕೋಲು ತೂರಿಸಿ ಕೆದಕಿದಳು. ಕೆಸರು ಬಂತು, ಕೂದಲು ಬಂತು. ಮೋರಿ ನಡುವೆ ತಿರುವು ತೆಗೆದುಕೊಳ್ಳುತ್ತಿದ್ದರಿಂದ ಕೋಲು ಮುಂದೆ ಹೋಗಲಿಲ್ಲ. ಚೇಳು ಬಾರದಿರಲೆಂದು ಆ ತಿರುವನ್ನು ಹಾಕಿಸಿದವಳೂ ಅವಳೇ. ಮೋರಿ ಅಗೆಯಬೇಕೆಂದರೆ ಬಚ್ಚಲಿನ ಅರ್ಧ ನೆಲ ಏಳಬೇಕು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿಹೋದ ನೆಲ. ಅಗೆದರೆ ಯಾಕೆ ಅಗೆದೆ ಎಂದು ಹೇಳಬೇಕು.

ಮರುದಿನದ ಹೊತ್ತಿಗೆ ಮುದುಕಿಯ ತುಟಿ ಒಡೆದಿತ್ತು. ಮಾತಾಡಿದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಚೈತ್ರದ ಹೊಸಪೇಟೆಯ ಬಿಸಿಲು ಗಟ್ಟಿಮುಟ್ಟಾದವರನ್ನೇ ಕೆಡವುತ್ತದೆ. ಜಡೆಪ್ಪ ಹೋಗಿ ಮಠದ ಜಂಬಯ್ಯನವರನ್ನು ಕರೆತಂದ. ಅವರು ವಯಸ್ಸಾದ ಜಂಗಮರು, ಆ ಮನೆಯ ಗುರುಗಳು. ಮರುಳಸಿದ್ದಮ್ಮನ ಹತ್ತಿರ ಕೂತು ಮೆಲ್ಲಗೆ ಹೇಳಿದರು.

“ಯವ್ವಾ, ಕಳೆದ್ರ ಇನ್ನೊಂದು ಕಟ್ಟಾಕ ವಿಧಿ ಐತಿ. ಮಠದಿಂದ ತರ್ತೀನಿ. ನೀರು ಕುಡಿ.”

“ಇದ್ದದ್ದು ಎಲ್ಲೈತಿ ಅಂತ ತಿಳೀದ ಇನ್ನೊಂದು ಹ್ಯಾಂಗ ಕಟ್ಟಿಸ್ಕೊಳ್ಳಲಿ, ಅಯ್ನೋರ? ಅದು ಮಂಗ್ಯಾನ ಕೈಯಾಗ, ಇದು ನನ್ನ ಕೊರಳಾಗ?” ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. “ಯಾರ ತಪ್ಪೂ ಇಲ್ಲ. ಕೊರಳಿಂದ ತೆಗೆದ ಕೈ ನಂದು. ಇಷ್ಟು ವರ್ಷ ಹಿಡಕೊಂಡಾಕಿ ನಿನ್ನೆ ಒಂದಿನ ಬಿಟ್ಟೆ. ನನ್ನ ಸೊಕ್ಕು. ಈ ಕೊಟ್ರಿ ಪಾಪ, ನನಗಾಗಿ ಗೂಡು ಮಾಡಿಸಿದ್ಲು. ಅಕಿಗೆ ಯಾರೂ ಏನೂ ಅನಬ್ಯಾಡ್ರಿ.”

ಕೊಟ್ರಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ನಂತರ ಹಿತ್ತಲಿಗೆ ಹೋಗಿ ಹಾರೆ ತಂದಳು.

“ಏನ್ ಮಾಡ್ತೀ? ತಲಿ ಕೆಟ್ಟೈತೇನು?” ಜಡೆಪ್ಪ ಹಿಂದೆಯೇ ಬಂದ. “ನಾರು ಐತಿ ಅಂದಿದ್ದಿ?”

ಅವಳು ಬಚ್ಚಲ ನೆಲಕ್ಕೆ ಹಾರೆ ಹಾಕಿದಳು. ಬೆಲ್ಲದ ನೀರಿನ ಗಚ್ಚು ಕಲ್ಲಿಗಿಂತ ಗಟ್ಟಿಯಾಗಿತ್ತು. ಜಡೆಪ್ಪ ಕೈ ಚಾಚಿದರೂ ಹಾರೆ ಕೊಡಲು ಒಪ್ಪಲಿಲ್ಲ. ಅಂಗಳದಲ್ಲಿ ಕೂತು ತಾನೇ ಹೊಂದಿಸಿದ್ದ ಕರಿಗಲ್ಲುಗಳನ್ನು ಒಂದೊಂದಾಗಿ ಮೀಟಿ ಎಬ್ಬಿಸಿದಳು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆಯಿತು. ತಿರುವಿನ ಮೇಲಿನ ಚಪ್ಪಡಿ ಮಾತ್ರ ಜಗ್ಗಲಿಲ್ಲ. ಅದನ್ನು ಸಂದಿಯಿಂದ ಕುತ್ತಿ ಎಬ್ಬಿಸಬೇಕಾಯಿತು. ಜೋರಾಗಿ ಕುತ್ತಿದಾಗ ಹಾರೆಯ ತುದಿ ಚಪ್ಪಡಿಯ ಕೆಳಗೆ ಜಾರಿ ಯಾವುದಕ್ಕೋ ಬಡಿಯಿತು. ಅದು ಕಲ್ಲಲ್ಲವೆಂದು ಅವಳ ಕೈಗೆ ತಿಳಿಯಿತು.

ಕರಡಿಗೆ ಕೆಸರಿನಲ್ಲಿತ್ತು. ಒಂದು ಮಗ್ಗುಲು ಜಜ್ಜಿಹೋಗಿತ್ತು. ಜಂಬಯ್ಯನವರು ಅದನ್ನು ತೊಳೆದು ತೆರೆದರು. ಲಿಂಗ ಅಡ್ಡಲಾಗಿ ಸೀಳಿತ್ತು. ಭಿನ್ನವಾದ ಲಿಂಗವನ್ನು ಧರಿಸುವಂತಿಲ್ಲ, ಹೊಳೆಗೆ ಬಿಡಬೇಕು. ಕೊಟ್ರಮ್ಮನ ಮುಖ ನೋಡಿ ಆ ವೃದ್ಧರಿಗೆ ಕನಿಕರ ಹುಟ್ಟಿರಬೇಕು.

“ನಿನ್ನೆ ಗೂಡಿನಿಂದ ಬಿದ್ದಾಗ್ಲೇ ಸೀಳಿರ್ಬೇಕು,” ಎಂದರು. “ಕಲ್ಲಿನ ಮ್ಯಾಲ ಬಿದ್ದೈತಲ್ಲ.”

ಬೇಕಾಗಿದ್ದರೆ ಅವಳು ಅದನ್ನು ಒಪ್ಪಿಕೊಂಡು ಸುಮ್ಮನಿರಬಹುದಿತ್ತು. ಗುರುಗಳೇ ಕೊಟ್ಟ ಮಾತು.

“ಇಲ್ರಿ ಅಯ್ನೋರ. ಹಾರಿ ತಾಗಿತು. ಈಗ,” ಎಂದಳು. ಮಾತು ಅಲ್ಲಿಗೆ ನಿಲ್ಲಲಿಲ್ಲ. “ಮೋರಿಗೆ ನಾರು ಇರ್ಲಿಲ್ಲ. ಸುಳ್ಳು ಹೇಳಿ ಆಮ್ಯಾಲ ತುರುಕಿದೆ. ಬಿದ್ದ ಸಪ್ಪಳಾನೂ ಕೇಳಿತ್ತು.”

ಜಡೆಪ್ಪ ಕೈ ಎತ್ತಿದ. ಅವನ ಜೀವನದಲ್ಲಿ ಅದೊಂದೇ ಸಲ ಎಂದು ಕೇಳಿದ್ದೇನೆ. ಒಳಗಿನಿಂದ ತಾಯಿ ಕರೆದದ್ದರಿಂದ ಆ ಕೈ ಕೆಳಗಿಳಿಯಿತು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಸಪ್ಪಳ ಕೇಳಿದ ಮ್ಯಾಲೂ ನೀರು ಯಾಕ ಹಾಕಿದೆವ್ವ?”

ನಿಜವಾದ ಉತ್ತರ ಬಹಳ ಸಣ್ಣದಾಗಿತ್ತು.

“ನೀರು ಆರ್ತಿತ್ರಿ. ಎಲ್ಲಾರೂ ಕಾಯ್ತಿದ್ರು.”

ಮರುಳಸಿದ್ದಮ್ಮ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಜಂಬಯ್ಯನವರ ಕಡೆ ತಿರುಗಿ, “ಎಲ್ಲೈತಿ ಅಂತ ತಿಳೀತಲ್ಲ. ಹೋಗಿ ಹೊಸದು ತರ್ರಿ,” ಎಂದಳು.

ಅಂದೇ ಹೊಸ ಲಿಂಗಕ್ಕೆ ತೋರಿಸಿ ಆಕೆ ನೀರು ಕುಡಿದಳು. ಭಿನ್ನವಾದದ್ದನ್ನು ಜಡೆಪ್ಪ ಹಂಪಿಗೆ ಹೋಗಿ ಹೊಳೆಗೆ ಬಿಟ್ಟು ಬಂದ. ನಾದಿನಿ ಸಂಡೂರಿಗೆ ಹೊರಡುವಾಗ ಕೊಟ್ರಮ್ಮನಿಗೆ ಹೇಳದೆ ಹೊರಟಳು. ಓಣಿಯಲ್ಲಿ ಸುದ್ದಿಯಾಯಿತು. ಕೊಟ್ರಮ್ಮ ಕಿತ್ತುಬಿದ್ದ ಬಚ್ಚಲನ್ನು ಹಾಗೇ ಬಿಟ್ಟು ಹಿತ್ತಲಲ್ಲಿ ಚಾಪೆ ಮರೆ ಕಟ್ಟಿ ಸ್ನಾನಕ್ಕೆ ನೀರಿಡತೊಡಗಿದಳು. ಅದು ಶಿಕ್ಷೆಯೆಂದು ಅವಳ ಎಣಿಕೆ. ಮುದುಕಿ ಅದನ್ನು ಕೆಲವೇ ದಿನ ಸಹಿಸಿದಳು.

“ಪಾಲಪ್ಪನ್ನ ಕರೆಸು. ಆ ಬೆಳಕಿನ್ಯಾಗ ನನ್ನ ಕಾಲು ನನಗ ಕಾಣ್ತಿತ್ತು. ನಿನ್ನ ತಪ್ಪಿಗೆ ನಾ ಯಾಕ ಗಾಳಿಯಾಗ ಕುಂತು ನಡುಗ್ಲಿ?”

ನೆಲ ಮತ್ತೆ ಕೂತಿತು. ತೂತಿನ ಕಲ್ಲೂ ಕೂತಿತು. ಆದರೆ ಎಬ್ಬಿಸುವಾಗ ಒಡೆದ ಚೂರುಗಳು ಮೊದಲಿನಂತೆ ಹೊಂದಲಿಲ್ಲ. ಅವಳು ದಿನವೂ ಅದರ ಮೇಲೆಯೇ ನಿಂತು ಸ್ನಾನ ಮಾಡಬೇಕಾಯಿತು. ಮರುಳಸಿದ್ದಮ್ಮ ಇನ್ನೂ ಕೆಲವು ವರ್ಷ ಬದುಕಿದಳು. ನಾನು ಆ ಮನೆಯಲ್ಲಿದ್ದು ಓದುತ್ತಿದ್ದಾಗ ಆಕೆಯ ಎಣ್ಣೆ ಸ್ನಾನಗಳನ್ನು ಕಂಡಿದ್ದೇನೆ. ಬಾಗಿಲು ಅರ್ಧ ತೆರೆದಿರುತ್ತಿತ್ತು. ಮುದುಕಿಯ ಎಡಗೈ ಮುಷ್ಟಿಯಲ್ಲಿ ಕರಡಿಗೆ. ಆ ಮುಷ್ಟಿಯ ಸುತ್ತ ಕೊಟ್ರಮ್ಮನ ಎಡಗೈ, ಬಿಗಿಯಾಗಿ. ತಲೆ ತಿಕ್ಕುವುದು, ನೀರು ಹೊಯ್ಯುವುದು ಎಲ್ಲ ಅವಳ ಬಲಗೈ ಒಂದರಿಂದಲೇ. ಚೆಂಬು ತುಂಬಲು ಪ್ರತಿ ಸಲವೂ ಬಗ್ಗಿ, ಹಿಡಿದ ಕೈ ಬಿಡದೆ, ಹಂಡೆಗೆ ಎಟುಕಬೇಕಿತ್ತು. ಸ್ನಾನ ಮುಗಿಯುವಷ್ಟರಲ್ಲಿ ಹಂಡೆಯ ನೀರು ತಣ್ಣಗಾಗುತ್ತಿತ್ತು.

ಹೊರಗೆ ಜಡೆಪ್ಪ ಭುಜದ ಮೇಲೆ ಪಂಚೆ ಹಾಕಿಕೊಂಡು ಕೂಗುತ್ತಿದ್ದ, “ಇನ್ನೂ ಎಷ್ಟು ಹೊತ್ತು? ಕಂಪ್ಲಿ ಮೋಟಾರ್ ಹೋಗ್ತೈತಿ!”

“ಹೋಗ್ಲಿ,” ಎನ್ನುತ್ತಿದ್ದಳು ಒಳಗಿನಿಂದ ಕೊಟ್ರಮ್ಮ.